ಗಂಡು ಬೆಕ್ಕಿನ ಆಪರೇಷನ್: ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ

(ಉಡುಪಿಯಲ್ಲಿ ಬೆಕ್ಕು ಸಾಕುವವರ ಎದುರು ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹರೂಪ)

"ಹೆಣ್ಣಾದರೆ ಸರಿ ಡಾಕ್ಟ್ರೆ, ಮರಿ ಹಾಕ್ತದೆ, ಆಪರೇಷನ್ ಬೇಕು. ಗಂಡಿಗೆ ಯಾಕೆ?" ನನ್ನ ಕ್ಲಿನಿಕ್ಕಿಗೆ ಬರುವವರು ಕೇಳುವ ಪ್ರಶ್ನೆ ಇದು. ಇದಕ್ಕೆ ಪೂರ್ತಿ ಉಲ್ಟಾ ಮಾತನ್ನೂ ಕೇಳಿದ್ದೇನೆ. "ನಮ್ಮ ಗಂಡಿಗೆ ಮಾಡಿಸಿ ಆಯ್ತು, ಇನ್ನು ವಠಾರದಲ್ಲಿ ಮರಿಗಳ ಕಾಟ ಇರಲಿಕ್ಕಿಲ್ಲ." ಇವರಿಬ್ಬರಿಗೂ ನಾನು ಹೇಳುವುದು ಒಂದೇ. ಗಂಡು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ, ಅಂದರೆ ಅದರ ಬೀಜ (ವೃಷಣ) ತೆಗೆಸಿದರೆ, ಆ ಬೆಕ್ಕಿನ ಬದುಕು ತುಂಬಾ ಸುಧಾರಿಸುತ್ತದೆ, ನಿಮ್ಮ ಮನೆಯೂ ವಾಸನೆಯಿಂದ ಪಾರಾಗುತ್ತದೆ. ಆದರೆ ವಠಾರದಲ್ಲಿ ಮರಿಗಳು ಕಡಿಮೆ ಆಗಬೇಕಾದರೆ ಹೆಣ್ಣುಗಳಿಗೆ ಮಾಡಿಸದೆ ಬೇರೆ ದಾರಿಯಿಲ್ಲ. ಎರಡೂ ಬೇಕು. ಯಾವುದು ಯಾತಕ್ಕೆ ಬೇಕು ಅಂತ ತಿಳಿದುಕೊಂಡು ಮಾಡಿಸಿದರೆ ಆಮೇಲೆ ಬೇಜಾರಾಗುವುದಿಲ್ಲ.

ಮೊದಲು ಗಂಡನ್ನೇ ನೋಡುವ. ನಾಲ್ಕೈದು ತಿಂಗಳವರೆಗೆ ಗಂಡು ಮರಿಗೂ ಹೆಣ್ಣು ಮರಿಗೂ ನಡತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆರರಿಂದ ಒಂಬತ್ತು ತಿಂಗಳ ಒಳಗೆ ಬೀಜ ಕೆಲಸ ಶುರು ಮಾಡುತ್ತದೆ, ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನು ಏರುತ್ತದೆ. ಆಮೇಲೆ ಬರುವ ಬದಲಾವಣೆ ನೀವೆಲ್ಲ ನೋಡಿದ್ದೀರಿ. ಕೆನ್ನೆ ಅಗಲ ಆಗುತ್ತದೆ. ಕುತ್ತಿಗೆಯ ಚರ್ಮ ದಪ್ಪ ಆಗುತ್ತದೆ. ಬಲಿತ ಗಂಡು ಬೆಕ್ಕಿಗೆ ನಮ್ಮಲ್ಲಿ ತುಳುವಿನಲ್ಲಿ ಕಂಟಪುಚ್ಚೆ ಅಂತೇವಲ್ವಾ, ಆ ಮುಖವೇ ಬಂದುಬಿಡುತ್ತದೆ. ಮತ್ತೆ ವಾಸನೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಅನ್ನುವ ಗಂಧಕ ಇರುವ ಒಂದು ವಸ್ತು ಇದೆ. ಬೀಜ ಇರುವ ಗಂಡಿನಲ್ಲಿ ಅದು ಬಹಳ ಜಾಸ್ತಿ. ಗಾಳಿಗೆ ಬಿದ್ದ ಮೇಲೆ ಅದು ಒಡೆಯುತ್ತಾ ಹೋಗುತ್ತದೆ, ಹಾಗಾಗಿ ಬೆಳಿಗ್ಗೆ ಹಾರಿಸಿದ ಉಚ್ಚೆ ಮಧ್ಯಾಹ್ನ ಇನ್ನೂ ಜಾಸ್ತಿ ನಾರುತ್ತದೆ. ನೀವು ತೊಳೆದದ್ದು ಸಾಕಾಗಲಿಲ್ಲ ಅಂತಲೇ ಅಲ್ಲ.

ಈ ಹಾರಿಸುವುದನ್ನು ಸರಿಯಾಗಿ ಗಮನಿಸಿ. ಬೆಕ್ಕು ಗೋಡೆಗೋ, ಸ್ಕೂಟರಿನ ಚಕ್ರಕ್ಕೋ, ಬಾಗಿಲಿನ ದಾರಂದಕ್ಕೋ ಬೆನ್ನು ಹಾಕಿ ನಿಲ್ಲುತ್ತದೆ. ಕೂರುವುದಿಲ್ಲ. ಬಾಲ ನೆಟ್ಟಗೆ ಮೇಲೆ, ಅದರ ತುದಿ ಗಡಗಡ ನಡುಗುತ್ತದೆ, ಹಿಂಗಾಲು ಎರಡೂ ಒಂಚೂರು ತುಳಿದ ಹಾಗೆ ಆಡುತ್ತವೆ, ಸಣ್ಣ ಧಾರೆ ಹಿಂದಕ್ಕೆ ಹಾರುತ್ತದೆ. ಇದು ಗುರುತು ಹಾಕುವುದು. ಇದು ನನ್ನ ಜಾಗ, ನಾನಿಲ್ಲಿದ್ದೇನೆ ಅಂತ ಬೇರೆ ಬೆಕ್ಕುಗಳಿಗೆ ಹೇಳುವ ರೀತಿ. ಅದೇ ಬೆಕ್ಕು ಕೂತು, ನೆಲದ ಮೇಲೋ ಹಾಸಿಗೆ ಮೇಲೋ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರೆ ವಿಷಯ ಬೇರೆ. ಅದು ಕಾಯಿಲೆ ಇರಬಹುದು. ಇವೆರಡನ್ನು ಬೇರೆ ಮಾಡಿ ಹೇಳುವವರು ಕಡಿಮೆ, ಹಾಗಾಗಿ ಮೊಬೈಲಿನಲ್ಲಿ ವಿಡಿಯೋ ತೆಗೆದು ತನ್ನಿ. ನನಗೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇನ್ನು ಜಗಳ. ಗಂಡು ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ. ಹೊರಗೆ ಸಣ್ಣ ತೂತು, ಎರಡು ದಿನದಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಬಾಯಿಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತದೆ. ಮೂರ್ನಾಲ್ಕು ದಿನ ಬೆಕ್ಕು ಚೆನ್ನಾಗಿಯೇ ಇರುತ್ತದೆ. ಆಮೇಲೆ ಊಟ ಬಿಡುತ್ತದೆ, ಮೂಲೆಯಲ್ಲಿ ಮುದುಡಿ ಕೂರುತ್ತದೆ, ಮೈ ಸುಡುತ್ತದೆ. ಕೆನ್ನೆಯಲ್ಲೋ ಬಾಲದ ಬುಡದಲ್ಲೋ ಮೆತ್ತಗಿನ ಊತ. ಅದನ್ನು ಕೊಯ್ದರೆ ಬರುವ ಕೀವು, ಆ ವಾಸನೆ, ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಅದಕ್ಕೆ ನೊಣ ಮೊಟ್ಟೆ ಇಟ್ಟು ಹುಳ ಆಗುತ್ತದೆ. ಜಗಳದಲ್ಲಿ ಬರುವ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎಫ್‌ಐವಿ ಅನ್ನುವ ವೈರಸ್. 1986ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮಾ ಎಂಬ ಊರಿನ ಬೆಕ್ಕುಗಳಲ್ಲಿ ಅದನ್ನು ಮೊದಲು ಗುರುತಿಸಿದರು. ಮನುಷ್ಯರ ಎಚ್‌ಐವಿಯ ದೂರದ ನೆಂಟ, ಆದರೆ ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ. ಇದು ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ. ಹಾಗಾಗಿ ಆಪರೇಷನ್ ಆಗದ, ಊರು ಸುತ್ತುವ ಗಂಡುಗಳಿಗೇ ಜಾಸ್ತಿ.

ಸುತ್ತುವುದು ಮೂರನೆಯದು. ಬೆದೆಗೆ ಬಂದ ಹೆಣ್ಣಿನ ಕೂಗು ಮತ್ತು ವಾಸನೆ ಹಿಡಿದು ಗಂಡು ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಉದ್ದಕ್ಕೂ ಇದೆ, ಅದರ ಆಚೆ ಬದಿಯಲ್ಲೊಂದು ಹೆಣ್ಣು ಕೂಗಿದರೆ ಈಚೆ ಬದಿಯ ಗಂಡು ದಾಟದೆ ಬಿಡುವುದಿಲ್ಲ. ಕೆಲವು ವಾರ ಬಿಟ್ಟು ಸೊರಗಿ ಬರುತ್ತದೆ. ಕೆಲವು ಬರುವುದೇ ಇಲ್ಲ. ಮನೆಯವರು "ಎಲ್ಲೋ ಹೋಯ್ತು, ಗಂಡು ಅಲ್ವಾ" ಅಂತ ಸುಮ್ಮನಾಗುತ್ತಾರೆ. ನನಗೆ ಈ ಮಾತು ಕೇಳಿದಾಗ ತುಂಬಾ ಸಂಕಟ ಆಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ರಸ್ತೆ ಬದಿಯಲ್ಲಿ ಸತ್ತಿರುತ್ತದೆ.

ಇಲ್ಲಿ ಸ್ವಲ್ಪ ಬದಿಗೆ ಹೋಗುತ್ತೇನೆ. ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ. ಏಳೇ ಮನೆ ಅಂತ ಲೆಕ್ಕ ಇಲ್ಲ, ಆದರೆ ಜಾಗ ಬದಲಿಸುವುದು ನಿಜ. ಅಟ್ಟದಿಂದ ಸೌದೆ ಕೊಟ್ಟಿಗೆಗೆ, ಅಲ್ಲಿಂದ ಪಕ್ಕದ ಮನೆಯ ಹಳೇ ಪೆಟ್ಟಿಗೆಗೆ. ಅದಕ್ಕೆ ಹಲವು ಕಾರಣ ಇವೆ, ಒಂದು ಗಂಡು ಬೆಕ್ಕು. ಹೊರಗಿನ ಗಂಡುಗಳು ಕೆಲವು ಸಲ ತಮ್ಮದಲ್ಲದ ಮರಿಗಳನ್ನು ಕೊಲ್ಲುತ್ತವೆ. ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಕೇಳಲಿಕ್ಕೆ ಕ್ರೂರ, ಆದರೆ ಪ್ರಾಣಿ ಲೋಕದಲ್ಲಿ ಬೇರೆ ಕಡೆಯೂ ಇದು ಉಂಟು. ಸಿಂಹಗಳಲ್ಲೂ ಉಂಟು.

ಆಪರೇಷನ್ ಹೇಗೆ ಅಂತ ಹೇಳುತ್ತೇನೆ, ಹೆದರಿಕೆ ಹೋಗಲಿ. ರಾತ್ರಿ ಊಟ ಕೊಟ್ಟ ಮೇಲೆ ಬೆಳಿಗ್ಗೆ ಏನೂ ತಿನ್ನಿಸಬೇಡಿ, ನೀರು ಸಾಕು. ತೀರಾ ಸಣ್ಣ ಮರಿಯಾದರೆ ಇಷ್ಟು ಹೊತ್ತು ಉಪವಾಸ ಬೇಡ, ಮೊದಲೇ ಕೇಳಿಕೊಳ್ಳಿ. ಪೂರ್ತಿ ಅರಿವಳಿಕೆ ಕೊಡುತ್ತೇವೆ. ಬೀಜದ ಚೀಲದ ಮೇಲಿನ ಕೂದಲು ತೆಗೆದು, ಶುಚಿ ಮಾಡಿ, ಸಣ್ಣ ಸೀಳು ಹಾಕಿ ಬೀಜವನ್ನು ಹೊರಗೆ ತರುತ್ತೇವೆ. ಅದರ ರಕ್ತನಾಳ ಮತ್ತು ವೀರ್ಯನಾಳವನ್ನೇ ಸೇರಿಸಿ ಗಂಟು ಹಾಕಿ ಬೀಜ ಕತ್ತರಿಸುತ್ತೇವೆ. ಇನ್ನೊಂದು ಕಡೆಗೂ ಹಾಗೆಯೇ. ಹೊರಗೆ ಹೊಲಿಗೆ ಸಾಮಾನ್ಯವಾಗಿ ಹಾಕುವುದಿಲ್ಲ, ಗಾಯ ತಾನೇ ಕೂಡಿಕೊಳ್ಳುತ್ತದೆ. ಕತ್ತಿ ಹಿಡಿದ ಮೇಲೆ ಹತ್ತು ನಿಮಿಷದ ಕೆಲಸ. ಹೆಣ್ಣಿನದು ಹಾಗಲ್ಲ, ಹೊಟ್ಟೆ ತೆರೆಯಬೇಕು, ಸಮಯ ಜಾಸ್ತಿ, ಖರ್ಚೂ ಜಾಸ್ತಿ. ಹಾಗಾಗಿಯೇ ಎಷ್ಟೋ ಜನ ಗಂಡಿಗೆ ಮಾಡಿಸಿ ಅಲ್ಲಿಗೆ ನಿಲ್ಲಿಸುತ್ತಾರೆ.

ಮನೆಗೆ ಕರೆದುಕೊಂಡು ಹೋದ ಮೇಲಿನ ಮೊದಲ ರಾತ್ರಿ ಮುಖ್ಯ. ಅಮಲು ಇಳಿಯದ ಬೆಕ್ಕನ್ನು ಅಂಗಳಕ್ಕೆ ಬಿಡಬೇಡಿ. ನಮ್ಮ ಕಡೆ ಮನೆ ಮನೆಗೆ ಬಾವಿ, ಕಟ್ಟೆ ಮೇಲೆ ಹತ್ತುವ ಅಭ್ಯಾಸ ಅದಕ್ಕೆ, ಕಾಲು ತಡವರಿಸಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕೋಣೆಯಲ್ಲಿ ಬಾಗಿಲು ಹಾಕಿ, ನೆಲದ ಮೇಲೆ ಬಟ್ಟೆ ಹಾಸಿ ಮಲಗಿಸಿ. ಅದು ಉಚ್ಚೆ ಮಾಡುವ ತಟ್ಟೆಗೆ ಮರಳಿನ ಬದಲು ಕೆಲವು ದಿನ ಹರಿದ ಪೇಪರ್ ಹಾಕಿ, ಗಾಯಕ್ಕೆ ಮರಳು ಅಂಟುವುದಿಲ್ಲ. ಗಾಯಕ್ಕೆ ಡೆಟಾಲ್ ಹಚ್ಚಬೇಡಿ, ಬೆಕ್ಕು ನೆಕ್ಕುತ್ತದೆ, ಅದು ಬೆಕ್ಕಿಗೆ ವಿಷ. ಇನ್ನೊಂದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ: ನೋವಾಗ್ತಿದೆ ಪಾಪ ಅಂತ ಪ್ಯಾರಸಿಟಮಾಲ್ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದು ಮಾತ್ರೆ ಸಾಕು, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಸಿಗದೆ ಸಾಯುತ್ತದೆ. ಮಕ್ಕಳಿಗೆ ಕೊಡುವ ಸಿರಪ್ಪೂ ಅದೇ. ನೋವಿಗೆ ನಾವು ಕೊಡುವ ಔಷಧಿ ಬೇರೆ.

ಆಪರೇಷನ್ ಆದ ಮೇಲೆ ಏನಾಗುತ್ತದೆ? ರಕ್ತದಲ್ಲಿ ಹಾರ್ಮೋನು ಬೇಗ ಇಳಿಯುತ್ತದೆ, ಕೆಲವೇ ದಿನ. ನಡತೆ ಅಷ್ಟು ಬೇಗ ಇಳಿಯುವುದಿಲ್ಲ. ಈ ವಿಷಯದಲ್ಲಿ 1973ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಅಧ್ಯಯನ ಈಗಲೂ ಆಧಾರ. ಬೆಳೆದ ಮೇಲೆ ಆಪರೇಷನ್ ಆದ 42 ಗಂಡು ಬೆಕ್ಕುಗಳ ಮನೆಯವರನ್ನು ಕೇಳಿ ಮಾಡಿದ್ದು. ಜಗಳ, ಸುತ್ತಾಟ, ಉಚ್ಚೆ ಹಾರಿಸುವುದು, ಮೂರೂ ನೂರಕ್ಕೆ 90ರ ಆಸುಪಾಸು ಬೆಕ್ಕುಗಳಲ್ಲಿ ಕಡಿಮೆಯಾದವು. ಉಚ್ಚೆ ಹಾರಿಸುವುದು ಹೆಚ್ಚಿನವುಗಳಲ್ಲಿ ಬೇಗ ನಿಂತಿತು. ಜಗಳ ಮತ್ತು ಸುತ್ತಾಟ ಅರ್ಧದಷ್ಟು ಬೆಕ್ಕುಗಳಲ್ಲಿ ಬೇಗ, ಉಳಿದವುಗಳಲ್ಲಿ ನಿಧಾನವಾಗಿ ಇಳಿಯಿತು. ಹಾಗಾಗಿ ಒಂದು ವಾರ ಬಿಟ್ಟು "ಏನೂ ಬದಲಾಗಲಿಲ್ಲ" ಅಂತ ಫೋನ್ ಮಾಡಬೇಡಿ, ಕೆಲವು ತಿಂಗಳು ಕಾಯಿರಿ. ಬೆಳೆದ ಬೆಕ್ಕಿಗೆ ಮಾಡಿಸಿ ಪ್ರಯೋಜನ ಇಲ್ಲ ಅನ್ನುವವರಿಗೂ ಇದೇ ಉತ್ತರ. ನನ್ನನ್ನು ಕೇಳಿದರೆ ಐದು ತಿಂಗಳ ಹೊತ್ತಿಗೆ, ಮೊದಲ ಜಗಳಕ್ಕೆ ಮೊದಲೇ ಮಾಡಿಸುವುದು ಒಳ್ಳೆಯದು. ತಡವಾಗಿದ್ದರೂ ಮಾಡಿಸಿ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಮಲ್ಪೆ ಕಡೆಯ ಒಂದು ಮನೆ, ಗಂಡು ಹೆಣ್ಣು ಎರಡೂ ಇದ್ದವು. ಗಂಡಿಗೆ ಆಪರೇಷನ್ ಆಯಿತು. ಹೆಣ್ಣು ಹೊರಗೆ ಹೋಗುವುದೇ ಇಲ್ಲ, ಆದರೂ ಬಸುರಿ. ಮನೆಯ ಅಕ್ಕ ಸಿಟ್ಟಿನಲ್ಲಿ ಬಂದರು. ಲೆಕ್ಕ ಹಾಕಿದರೆ ಆಪರೇಷನ್ ಆದ ಎರಡನೇ ವಾರದಲ್ಲಿ ಕೂಡಿಕೆ ಆಗಿದೆ. ಬೀಜ ತೆಗೆದ ಮೇಲೂ ಅದಕ್ಕಿಂತ ಮುಂದಿನ ನಾಳದಲ್ಲಿ ವೀರ್ಯ ಉಳಿದಿರುತ್ತದೆ. ಬೀಜ ತೆಗೆದು 49 ದಿನ ಆದ ಬೆಕ್ಕಿನಲ್ಲೂ ಜೀವ ಇರುವ ವೀರ್ಯಾಣು ಕಂಡ ದಾಖಲೆ ಇದೆ. ಹಾಗಾಗಿ ಆಪರೇಷನ್ ಆಗದ ಹೆಣ್ಣಿನಿಂದ ಆರು ಏಳು ವಾರ ದೂರ ಇಡಿ. ಆ ಹೊತ್ತಿಗೆ ಇನ್ನೊಂದು ಗುರುತೂ ಸಿಗುತ್ತದೆ. ಗಂಡು ಬೆಕ್ಕಿನ ಜನನಾಂಗದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಹಾರ್ಮೋನು ಹೋದ ಮೇಲೆ ಸುಮಾರು ಆರು ವಾರದಲ್ಲಿ ಅವು ಮಾಯ. ಎಲ್ಲಿಂದಲೋ ಬಂದು ಸೇರಿಕೊಂಡ ಬೆಕ್ಕಿಗೆ ಹಿಂದೆ ಆಪರೇಷನ್ ಆಗಿದೆಯೋ ಇಲ್ಲವೋ ಅನುಮಾನ ಬಂದರೆ ನಾವು ನೋಡುವುದು ಅದನ್ನೇ. ಹೊರಗೆ ಬೀಜ ಕಾಣದೆ ಇದ್ದು ಮುಳ್ಳು ಇದ್ದರೆ ಬೀಜ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆ ಅಂತ ಅರ್ಥ. ಪರ್ಷಿಯನ್ ಜಾತಿಯಲ್ಲಿ ಇದು ಸ್ವಲ್ಪ ಜಾಸ್ತಿ. ಹುಡುಕಿ ತೆಗೆಯಲೇಬೇಕು, ಬಿಟ್ಟರೆ ವಾಸನೆ, ಜಗಳ ಎಲ್ಲ ಹಾಗೇ ಇರುತ್ತದೆ, ಮುಂದೆ ಅಲ್ಲೇ ಗಡ್ಡೆಯೂ ಆಗಬಹುದು.

ಬದಲಾಗದ್ದು ಏನು? ಬೇಟೆ. "ಇಲಿ ಹಿಡಿಯುವುದು ಬಿಟ್ಟರೆ ಕಷ್ಟ ಅಲ್ವಾ, ಅಟ್ಟದಲ್ಲಿ ಅಡಿಕೆ ಉಂಟು" ಅನ್ನುತ್ತಾರೆ. ಬೇಟೆ ನಡೆಯುವುದು ಬೀಜದ ಹಾರ್ಮೋನಿನಿಂದ ಅಲ್ಲ. ಹೆಣ್ಣು ಬೆಕ್ಕೇ ನಮ್ಮ ಮನೆಗಳಲ್ಲಿ ಒಳ್ಳೆ ಇಲಿ ಹಿಡಿಯುವುದಲ್ವಾ? ಪ್ರೀತಿ, ಆಟ, ಮನೆಯವರ ಹಿಂದೆ ಸುತ್ತುವುದು, ಅದೂ ಹೋಗುವುದಿಲ್ಲ. ಮತ್ತೆ ಮರಿಯಲ್ಲೇ ಆಪರೇಷನ್ ಆದ ಗಂಡುಗಳಲ್ಲೂ ನೂರಕ್ಕೆ ಸುಮಾರು ಹತ್ತು ಬೆಳೆದ ಮೇಲೆ ಗೋಡೆಗೆ ಉಚ್ಚೆ ಹಾರಿಸುತ್ತವೆ. ಇದು ಹಾರ್ಮೋನಲ್ಲ, ಆತಂಕ. ಮನೆಗೆ ಹೊಸ ಬೆಕ್ಕು ಬಂತು, ಕಿಟಕಿಯ ಆಚೆ ದಿನಾ ಒಂದು ಹೊರಗಿನ ಗಂಡು ಕೂರುತ್ತದೆ, ಮನೆ ರಿಪೇರಿ ನಡೆಯುತ್ತಿದೆ, ಇಂಥದ್ದು. ಕಾರಣ ಹುಡುಕಬೇಕು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಮರಳಿನ ತಟ್ಟೆ ಜಾಸ್ತಿ ಇಡಿ. ಹಾರಿಸಿದ ಜಾಗವನ್ನು ಫಿನೈಲಿನಲ್ಲಿ ಒರೆಸಬೇಡಿ. ಕಾಲಿಗೆ ಅಂಟಿದ ಫಿನೈಲನ್ನು ಬೆಕ್ಕು ನೆಕ್ಕಿದರೆ ಅದೂ ವಿಷವೇ.

ಬದಲಾಗುವ ಇನ್ನೊಂದು ಸಂಗತಿ ಹೊಟ್ಟೆ. ಆಪರೇಷನ್ ಆದ ಮೇಲೆ ಮೈಗೆ ಬೇಕಾದ ಆಹಾರ ಸುಮಾರು ಕಾಲು ಭಾಗ ಕಡಿಮೆ, ಆದರೆ ಹಸಿವು ಮೊದಲಿಗಿಂತ ಜಾಸ್ತಿ. ನೀವು ಮೊದಲಿನಷ್ಟೇ ಹಾಕಿದರೆ, ಅದು ಕೇಳಿದಾಗಲೆಲ್ಲ ಹಾಕಿದರೆ, ದಪ್ಪ ಆಗದೆ ಇನ್ನೇನು? ದಪ್ಪ ಆದ ಗಂಡುಗಳಿಗೆ ಸಕ್ಕರೆ ಕಾಯಿಲೆಯ ಅಪಾಯವೂ ಇದೆ. ಕುಚ್ಚಲಕ್ಕಿ ಅನ್ನ ಕಡಿಮೆ ಮಾಡಿ, ಬೇಯಿಸಿದ ಮೀನು ಕೋಳಿ ಜಾಸ್ತಿ ಮಾಡಿ, ದಿನಾ ಬರೀ ಬೂತಾಯಿ ಮೀನೊಂದೇ ಬೇಡ. ಒಣ ಆಹಾರ ಕೊಡುವವರು ಅಳೆದು ಕೊಡಿ, ನೀರು ಎರಡು ಮೂರು ಕಡೆ ಇಡಿ. ನೀರಿನ ಮಾತು ಯಾಕೆ ಅಂದರೆ, ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ಹರಳಿನಿಂದ ಕಟ್ಟಿಕೊಳ್ಳುತ್ತದೆ. ಬೇಗ ಆಪರೇಷನ್ ಮಾಡಿಸಿದರೆ ನಾಳ ಇನ್ನೂ ಸಪೂರ ಆಗುತ್ತದೆ ಅನ್ನುವ ಹೆದರಿಕೆ ಇತ್ತು, 1990ರ ದಶಕದಲ್ಲಿ ಅಳತೆ ಮಾಡಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಆಗಿರಲಿ ಬಿಡಲಿ, ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ಮುಕ್ಕಿ ಕೂಗಿ ಹನಿಯೂ ಬಾರದೆ ಇದ್ದರೆ ಮಲಬದ್ಧತೆ ಅಂತ ತೆಂಗಿನೆಣ್ಣೆ ಕುಡಿಸುತ್ತಾ ಕೂರಬೇಡಿ. ಅದೇ ದಿನ ಬನ್ನಿ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

"ಮನುಷ್ಯರ ಹಾಗೆ ನಾಳ ಮಾತ್ರ ಕತ್ತರಿಸಿದರೆ ಸಾಲದಾ?" ಅಂತ ಹಿಂದಿನ ಸಾಲಿನಿಂದ ಕೇಳಿದರು. ಮಾಡಬಹುದು. ಆದರೆ ಬೀಜ ಇರುತ್ತದೆ, ಹಾರ್ಮೋನು ಇರುತ್ತದೆ, ಜಗಳ, ವಾಸನೆ, ಸುತ್ತಾಟ ಒಂದೂ ನಿಲ್ಲುವುದಿಲ್ಲ. ಸಾಕುವವರಿಗೆ ಅದು ಉಪಯೋಗ ಇಲ್ಲ. "ಪಾಪ ಅಲ್ವಾ ಡಾಕ್ಟ್ರೆ" ಅನ್ನುವವರಿಗೂ ಹೇಳುತ್ತೇನೆ, ಹೆಚ್ಚಾಗಿ ಗಂಡಸರೇ ಇದನ್ನು ಕೇಳುವುದು. ಬೆಕ್ಕಿಗೆ ಸಂಸಾರದ ಆಸೆ ಅಂತ ಇಲ್ಲ. ಹಾರ್ಮೋನು ಏರಿದಾಗ ಒತ್ತಡ ಇದೆ, ಹಾರ್ಮೋನು ಇಲ್ಲದಾಗ ಆ ಒತ್ತಡ ಇಲ್ಲ. ಕಿವಿ ಹರಿದು, ಕಣ್ಣು ಹೋಗಿ, ಮೂರು ವರ್ಷಕ್ಕೆ ಸಾಯುವ ಗಂಡು ಬೆಕ್ಕುಗಳನ್ನು ನಾನು ಮೇಜಿನ ಮೇಲೆ ನೋಡುತ್ತೇನೆ. ಪಾಪ ಅನ್ನಿಸುವುದು ಅವನ್ನು ನೋಡಿದಾಗ.

ಈಗ ಮರಿಗಳ ವಿಷಯ. ಹೆಣ್ಣು ಬೆಕ್ಕು ಬೆದೆಗೆ ಬರುವುದು ಹಗಲಿನ ಉದ್ದ ನೋಡಿ. ಯುರೋಪಿನಲ್ಲಿ ಚಳಿಗಾಲದ ಹಗಲು ತೀರಾ ಸಣ್ಣದು, ಹಾಗಾಗಿ ಅಲ್ಲಿ ಕೆಲವು ತಿಂಗಳು ಬಿಡುವು ಸಿಗುತ್ತದೆ. ನಮ್ಮ ಮಂಗಳೂರು ಉಡುಪಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಸಣ್ಣ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಹಾಗಾಗಿ ಇಲ್ಲಿ ವರ್ಷವಿಡೀ ಬೆದೆ. ಕೂಡಿಕೆ ಆಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಕೂಗು. ಕೂಡಿಕೆ ಆದರೆ, ಅದರಿಂದಲೇ ಅಂಡ ಬಿಡುಗಡೆ ಆಗುವುದರಿಂದ, ಬಸುರಿ ಆಗದೆ ಉಳಿಯುವುದು ಕಡಿಮೆ. 63ರಿಂದ 65 ದಿನಕ್ಕೆ ಮರಿ, ಸಾಮಾನ್ಯವಾಗಿ ನಾಲ್ಕು. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಒಂದೇ ಸೂಲಿನ ಮರಿಗಳಿಗೆ ಅಪ್ಪಂದಿರು ಬೇರೆ ಬೇರೆ ಇರಬಹುದು. ಆ ಹೆಣ್ಣು ಮರಿಗಳು ಐದಾರು ತಿಂಗಳಿಗೆ ತಾವೇ ಬಸುರಿ.

ಇದರಲ್ಲಿ ಗಂಡಿನ ಲೆಕ್ಕ ಎಲ್ಲಿ ಬರುತ್ತದೆ ಹೇಳಿ. ವಠಾರದ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಆಪರೇಷನ್ ಆಗಿದೆ ಅಂದುಕೊಳ್ಳಿ. ಉಳಿದ ಒಂದು ಎಲ್ಲ ಹೆಣ್ಣುಗಳ ಹತ್ತಿರವೂ ಹೋಗುತ್ತದೆ. ಅದಕ್ಕೂ ಮಾಡಿಸಿದಿರಿ ಅನ್ನಿ, ಪಕ್ಕದ ವಠಾರದ್ದು ಕಾಂಪೌಂಡ್ ಹಾರಿ ಬರುತ್ತದೆ. ಮರಿಗಳ ಸಂಖ್ಯೆ ಹಾಗೇ ಇರುತ್ತದೆ. ಹತ್ತು ಹೆಣ್ಣುಗಳಲ್ಲಿ ಒಂಬತ್ತಕ್ಕೆ ಮಾಡಿಸಿದರೆ ಮರಿ ಹಾಕುವುದು ಒಂದೇ. ಅದೂ ಅಲ್ಲದೆ ಆರು ತಿಂಗಳೊಳಗೆ ಮಾಡಿಸಿದ ಹೆಣ್ಣಿಗೆ ಮೊಲೆಯ ಕ್ಯಾನ್ಸರಿನ ಅಪಾಯ ನೂರಕ್ಕೆ ಸುಮಾರು 90 ಭಾಗ ಇಳಿಯುತ್ತದೆ, ಗರ್ಭಕೋಶದಲ್ಲಿ ಕೀವು ಆಗುವ ಭಯವೂ ಇಲ್ಲ. ಬೆದೆ ನಿಲ್ಲಿಸಲಿಕ್ಕೆ ಇಂಜೆಕ್ಷನ್ ಕೊಡಿಸುವವರು ಇದ್ದಾರೆ. ಬೇಡ, ಆ ಇಂಜೆಕ್ಷನ್ನೇ ಈ ಎರಡೂ ಕಾಯಿಲೆಗೆ ದಾರಿ.

ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ಟಿಗೋ ಮೀನಿನ ಬೋಟು ನಿಲ್ಲುವ ಧಕ್ಕೆಗೋ ಬಿಟ್ಟು ಬರುವುದು ಪರಿಹಾರ ಅಲ್ಲ. "ಅಲ್ಲಿ ಮೀನು ಸಿಗ್ತದಲ್ಲ" ಅನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆ ಎರಡು ತಿಂಗಳು ಅಲ್ಲಿ ತಿನ್ನಲಿಕ್ಕೆ ಏನಿದೆ? ಜೋರು ಮಳೆ ಬೇರೆ. ಅಲ್ಲಿರುವ ಗಂಡುಗಳು ಹೊಸಬನನ್ನು ಹರಿದು ಹಾಕುತ್ತವೆ. ಹಸಿವಿನಿಂದ ನರಳುವ ಹಾಗೆ ಪ್ರಾಣಿಯನ್ನು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇತ್ತ ನಿಮ್ಮ ವಠಾರದಲ್ಲಿ ಜಾಗ ಖಾಲಿ ಆಯಿತಲ್ಲ, ಊಟ ಸಿಗುವ ಕಡೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ.

ಹಾಗಾದರೆ ಶುರು ಮಾಡುವುದು ಹೇಗೆ? ಮೊದಲು ವಠಾರದಲ್ಲಿ ಯಾರು ಎಲ್ಲಿ ಊಟ ಹಾಕುತ್ತಾರೆ ಅಂತ ಮಾತಾಡಿಕೊಳ್ಳಿ. ಒಂದೇ ಜಾಗ, ಒಂದೇ ಹೊತ್ತು ಮಾಡಿ, ಹಿಡಿಯಲಿಕ್ಕೆ ಸುಲಭ. ಮೈಮೇಲೆ ಮೂರು ಬಣ್ಣ ಇದ್ದದ್ದು ಹೆಚ್ಚುಕಮ್ಮಿ ಹೆಣ್ಣೇ, ಅದರಿಂದ ಶುರು ಮಾಡಿ. ಪೂರ್ತಿ ಕೆಂಪು ಬೆಕ್ಕಾದರೆ ಹೆಚ್ಚಾಗಿ ಗಂಡು, ಅದು ಒಂದು ವಾರ ಕಾಯಬಹುದು. ಕಿವಿಯ ತುದಿ ನೇರ ಕತ್ತರಿಸಿದ್ದು ಕಂಡರೆ ಆಪರೇಷನ್ ಆಗಿದೆ ಅಂತ, ಮತ್ತೆ ಹಿಡಿದು ಹಿಂಸೆ ಕೊಡಬೇಡಿ. ಮಳೆ ಬಿಟ್ಟ ಮೇಲೆ ಮಾಡಿದರೆ ಬೀದಿ ಬೆಕ್ಕಿನ ಗಾಯ ಒಣಗಲಿಕ್ಕೆ ಅನುಕೂಲ. ಹೆಣ್ಣನ್ನು ತರುವ ಮೊದಲು ಹೊಟ್ಟೆಯ ಅಡಿ ನೋಡಿ. ಮೊಲೆ ಊದಿ, ಸುತ್ತ ಕೂದಲು ಉದುರಿದ್ದರೆ ಎಲ್ಲೋ ಮರಿಗಳಿವೆ. ಮರಿಗಳು ತಾವೇ ತಿನ್ನಲಿಕ್ಕೆ ಕಲಿಯುವವರೆಗೆ ಕಾಯಿರಿ. ಅಷ್ಟು ದಿನ ಆ ತಾಯಿಗೆ ಊಟ ತಪ್ಪಿಸಬೇಡಿ, ಊಟದ ಜಾಗಕ್ಕೆ ಮರಿಗಳನ್ನೂ ಕರೆದುಕೊಂಡು ಬರುತ್ತದೆ, ಆಗ ಎಲ್ಲವನ್ನೂ ಒಟ್ಟಿಗೆ ಹಿಡಿಯಬಹುದು.